ಬಣ್ಣದ ಜಕಣಾಚಾರಿ, ಕಲ್ಲಿನ ದಾಸೋಜ

(ಅರಸೀಕೆರೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕನ್ನಡ ಚಿತ್ರರಂಗ ಮಾತನಾಡಲು ಕಲಿತದ್ದು 1934ರಲ್ಲಿ, ‘ಸತಿ ಸುಲೋಚನ’ದಿಂದ. ಮೈತುಂಬ ಬಣ್ಣ ತೊಡಲು ಅದಕ್ಕೆ ಮತ್ತೆ 30 ವರ್ಷ ಬೇಕಾಯಿತು. 1964ರಲ್ಲಿ ತೆರೆಗೆ ಬಂದ ‘ಅಮರಶಿಲ್ಪಿ ಜಕಣಾಚಾರಿ’ ಕನ್ನಡದ ಮೊದಲ ಪೂರ್ಣ ಪ್ರಮಾಣದ ವರ್ಣಚಿತ್ರ. ಇದರಲ್ಲಿ ಒಂದು ಸೋಜಿಗವಿದೆ. ಮೊದಲ ಬಾರಿಗೆ ಬಣ್ಣ ಕೈಗೆ ಸಿಕ್ಕಾಗ ಯಾರಾದರೂ ಹೂದೋಟವನ್ನೋ, ಮೈಸೂರು ದಸರೆಯನ್ನೋ, ದೇವಲೋಕದ ವೈಭವವನ್ನೋ ಆರಿಸಿಕೊಳ್ಳಬಹುದಿತ್ತು. ಆದರೆ ಆರಿಸಿಕೊಂಡದ್ದು ಬೂದು ಬಣ್ಣದ ಕಲ್ಲು ಕೆತ್ತುವವನೊಬ್ಬನ ಕತೆಯನ್ನು. ಬೇಲೂರು ಹಳೇಬೀಡುಗಳ ಕಲ್ಲಿಗೂ ಆ ದಶಕದ ಕನ್ನಡಿಗರ ಮನಸ್ಸಿಗೂ ಏನೋ ಒಂದು ನಂಟು ಬೆಳೆದಿತ್ತು ಎಂಬುದಕ್ಕೆ ಇದೇ ಮೊದಲ ಸಾಕ್ಷಿ.

ಚಿತ್ರವನ್ನು ನಿರ್ಮಿಸಿ ನಿರ್ದೇಶಿಸಿದವರು ಬಿ.ಎಸ್. ರಂಗಾ. ಮಾಗಡಿಯವರು, ಛಾಯಾಗ್ರಹಣದ ಹಾದಿಯಿಂದ ಚಿತ್ರರಂಗಕ್ಕೆ ಬಂದವರು. ಮದರಾಸಿನಲ್ಲಿ ವಿಕ್ರಂ ಸ್ಟುಡಿಯೋ ಕಟ್ಟಿದವರು. ಆ ಕಾಲದ ಕನ್ನಡ ಚಿತ್ರಗಳು ಬಹುಪಾಲು ಹುಟ್ಟುತ್ತಿದ್ದುದೇ ಮದರಾಸಿನಲ್ಲಿ. ಸ್ಟುಡಿಯೋ, ಲ್ಯಾಬೊರೇಟರಿ, ವಾದ್ಯಗಾರರು, ಹಣ ಹಾಕುವವರು ಎಲ್ಲರೂ ಅಲ್ಲಿಯೇ ಇದ್ದರು. ಜಕಣಾಚಾರಿಯಾಗಿ ಕಲ್ಯಾಣ್‌ಕುಮಾರ್, ನರ್ತಕಿ ಮಂಜರಿಯಾಗಿ ಬಿ. ಸರೋಜಾದೇವಿ. ಚಿ. ಸದಾಶಿವಯ್ಯನವರ ಸಾಹಿತ್ಯ, ಎಸ್. ರಾಜೇಶ್ವರರಾವ್ ಅವರ ಸಂಗೀತ. ರಾಜ್‌ಕುಮಾರ್, ಉದಯಕುಮಾರ್, ಕಲ್ಯಾಣ್‌ಕುಮಾರ್ ಈ ಮೂವರನ್ನು ‘ಕುಮಾರತ್ರಯರು’ ಎಂದು ಕರೆಯುತ್ತಿದ್ದ ಕಾಲ ಅದು. ಕಲ್ಯಾಣ್‌ಕುಮಾರ್ 1999ರಲ್ಲಿ ತೀರಿಕೊಂಡರು, ರಂಗಾ 2010ರಲ್ಲಿ, ಸರೋಜಾದೇವಿ 2025ರ ಜುಲೈನಲ್ಲಿ. ತೆರೆಯ ಮೇಲಿನ ಬೇಲೂರನ್ನು ಕಟ್ಟಿದ ಪ್ರಮುಖರೆಲ್ಲ ಒಬ್ಬೊಬ್ಬರಾಗಿ ಹೋದಂತಾಯಿತು.

ಅದೇ ವರ್ಷ ಅದೇ ಕತೆ ತೆಲುಗಿನಲ್ಲಿ ‘ಅಮರಶಿಲ್ಪಿ ಜಕ್ಕನ್ನ’ ಆಯಿತು. ಅಲ್ಲಿ ನಾಯಕ ಅಕ್ಕಿನೇನಿ ನಾಗೇಶ್ವರರಾವ್; ನಾಯಕಿ ಮಾತ್ರ ಅದೇ ಸರೋಜಾದೇವಿ. ಇದರ ಹಿಂದಿನ ಲೆಕ್ಕಾಚಾರ ಸರಳ. ಬಣ್ಣದ ಕಚ್ಚಾ ಫಿಲ್ಮು ಹೊರದೇಶದಿಂದ ಬರಬೇಕಿತ್ತು, ದುಬಾರಿ. ಕನ್ನಡದ ಮಾರುಕಟ್ಟೆ ಚಿಕ್ಕದು. ಎರಡು ಭಾಷೆಗೆ ಒಂದೇ ಸಿದ್ಧತೆ ಮಾಡಿಕೊಂಡರೆ ಮಾತ್ರ ಹೊರೆ ಹಗುರವಾಗುತ್ತಿತ್ತು. ಈ ಚಿತ್ರ ಬಂದ ಮೇಲೂ ಕನ್ನಡ ಚಿತ್ರರಂಗ ಕಪ್ಪುಬಿಳುಪಿಗೇ ಮರಳಿತು. ‘ನಾಂದಿ’, ‘ಸಂಧ್ಯಾರಾಗ’, ‘ಬೆಳ್ಳಿಮೋಡ’ ಎಲ್ಲವೂ ಕಪ್ಪುಬಿಳುಪೇ. ರಾಜ್‌ಕುಮಾರ್ ಅವರಂಥ ನಾಯಕನಟರೇ ವರ್ಣಚಿತ್ರಕ್ಕಾಗಿ 1970ರ ‘ಶ್ರೀಕೃಷ್ಣದೇವರಾಯ’ದ ತನಕ ಕಾಯಬೇಕಾಯಿತು. ಅಂದರೆ 1960ರ ದಶಕದ ಕನ್ನಡ ಪ್ರೇಕ್ಷಕನ ಪಾಲಿಗೆ ಬಣ್ಣ ಎಂದರೆ ಹಬ್ಬದೂಟ. ದಿನದ ಅನ್ನ ಅಲ್ಲ. ಆ ಹಬ್ಬದೂಟಕ್ಕೆ ಬಡಿಸಿದ್ದು ಹೊಯ್ಸಳರ ಕತೆ.

ಆ ದಶಕದ ಅರಸೀಕೆರೆಯನ್ನು ಇಲ್ಲಿ ಒಮ್ಮೆ ನೆನೆಯಬೇಕು. ಮೀಟರ್‌ಗೇಜ್ ಕಾಲದ ಜಂಕ್ಷನ್. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹಾದಿಗೆ ಮೈಸೂರು, ಹಾಸನದ ಹಾದಿ ಬಂದು ಸೇರುವುದು ಇಲ್ಲಿಯೇ. ತೆಂಗು, ಕೊಬ್ಬರಿಯ ಊರು. ಬೇಲೂರು ನೋಡಬೇಕೆಂದು ಉತ್ತರದಿಂದ ಬಂದವರು ಇಲ್ಲಿಯೋ, ಪಕ್ಕದ ಬಾಣಾವರದಲ್ಲಿಯೋ, ಇಲ್ಲವೇ ಗಾಡಿ ಬದಲಿಸಿ ಹಾಸನದಲ್ಲಿಯೋ ಇಳಿದು ಬಸ್ಸು ಹಿಡಿಯುತ್ತಿದ್ದರು. ಸಿನಿಮಾದ ತಗಡಿನ ಪೆಟ್ಟಿಗೆಗಳೂ ರೈಲು, ಬಸ್ಸುಗಳಲ್ಲೇ ಊರಿಂದೂರಿಗೆ ಹೋಗುತ್ತಿದ್ದವು. ಹಳ್ಳಿಗಳಿಗೆ ಟೂರಿಂಗ್ ಟಾಕೀಸು: ಗುಡಾರ, ನೆಲ, ಬೆಂಚು, ಕುರ್ಚಿ ಎಂಬ ಮೂರು ಅಂತಸ್ತು, ಒಂದೇ ಯಂತ್ರವಾದ್ದರಿಂದ ರೀಲು ಬದಲಿಸುವಾಗಲೆಲ್ಲ ಕತ್ತಲೆ, ಆ ಕತ್ತಲೆಯಲ್ಲಿ ಕಡಲೆಕಾಯಿಯವನ ಕೂಗು. ಬೇಲೂರಿನಿಂದ ಒಂದು ಹಗಲಿನ ದಾರಿಯಲ್ಲಿದ್ದೂ ಆ ಗುಡಿಯನ್ನು ಎಂದೂ ಕಾಣದ ಸಂಸಾರಗಳು ಆಗ ಎಷ್ಟೋ ಇದ್ದವು. ಅಂಥವರಿಗೆ ಚೆನ್ನಕೇಶವನ ಗುಡಿಯ ಕತೆ ಕಲ್ಲಿಗಿಂತ ಮೊದಲು ಬಟ್ಟೆಯ ತೆರೆಯ ಮೇಲೆ ಬಂತು. ಮುಂದೆ ನಿಜವಾದ ಗುಡಿಯ ಜಗತಿ ಹತ್ತಿದಾಗ ಅವರು ಹುಡುಕಿದ್ದು ಸಹಜವಾಗಿಯೇ ಜಕಣಾಚಾರಿಯನ್ನು.

ಆ ಐತಿಹ್ಯ ಎಲ್ಲರಿಗೂ ಗೊತ್ತಿರುವುದೇ. ತುಮಕೂರಿನ ಬಳಿಯ ಕ್ರೀಡಾಪುರದ ಶಿಲ್ಪಿ ಮನೆ ಬಿಟ್ಟು ಹೋಗುತ್ತಾನೆ. ಊರೂರು ಸುತ್ತಿ ಗುಡಿಗಳನ್ನು ಕಟ್ಟುತ್ತಾನೆ. ಅವನು ಹೋದ ಮೇಲೆ ಹುಟ್ಟಿದ ಮಗ ಡಂಕಣ ಬೆಳೆದು ದೊಡ್ಡವನಾಗಿ, ತಂದೆಯನ್ನು ಹುಡುಕುತ್ತ ಬೇಲೂರಿಗೆ ಬರುತ್ತಾನೆ. ಪ್ರತಿಷ್ಠೆಗೆ ಸಿದ್ಧವಾದ ವಿಗ್ರಹದಲ್ಲಿ ದೋಷವಿದೆ ಎನ್ನುತ್ತಾನೆ. ದೋಷ ತೋರಿಸಿದರೆ ಕೈ ಕತ್ತರಿಸಿಕೊಳ್ಳುವೆನೆಂದು ಹಿರಿಯ ಶಿಲ್ಪಿಯ ಪಣ. ವಿಗ್ರಹಕ್ಕೆ ಗಂಧ ಬಳಿದರೆ ಹೊಕ್ಕುಳ ಬಳಿ ಮಾತ್ರ ಒಣಗದು; ಉಳಿಯಿಟ್ಟರೆ ನೀರು, ಮರಳು, ಒಂದು ಜೀವಂತ ಕಪ್ಪೆ! ಜಕಣಾಚಾರಿ ಬಲಗೈ ಕಡಿದುಕೊಳ್ಳುತ್ತಾನೆ. ಆಮೇಲೆ ತಂದೆ ಮಕ್ಕಳ ಗುರುತು ಹತ್ತುತ್ತದೆ. ಹುಟ್ಟೂರಿಗೆ ಮರಳಿ ಕೇಶವನಿಗೆ ಗುಡಿ ಕಟ್ಟಿದಾಗ ಕೈ ಮರಳಿ ಬರುತ್ತದೆ, ಕ್ರೀಡಾಪುರ ಕೈದಾಳವಾಗುತ್ತದೆ. ಇದು ಸಿನಿಮಾದವರು ಹೆಣೆದ ಕತೆಯಲ್ಲ. ಬಿ.ಎಲ್. ರೈಸ್ 19ನೇ ಶತಮಾನದ ಕೊನೆಯಲ್ಲಿ ಹೊರತಂದ ಮೈಸೂರು ಗೆಜೆಟಿಯರ್‌ನಲ್ಲೇ ಕೈದಾಳದ ಈ ಐತಿಹ್ಯ ಸೇರಿದೆ. ಸಿನಿಮಾ ಅದಕ್ಕೆ ನರ್ತಕಿಯ ಪ್ರೇಮ, ದಾಂಪತ್ಯದ ಸಂಶಯ, ವಿರಹಗಳನ್ನು ತುಂಬಿತು. ಮೂರು ಗಂಟೆಯ ಚಿತ್ರಕ್ಕೆ ಒಂದು ಕಪ್ಪೆ ಸಾಲದಷ್ಟೆ.

ಈ ಕತೆ ಆ ದಶಕಕ್ಕೇ ಯಾಕೆ ಒಗ್ಗಿತು? ಕನ್ನಡ ನಾಡು ಒಂದಾದದ್ದು 1956ರ ನವೆಂಬರ್ 1ರಂದು. ಹೆಸರು ಮಾತ್ರ ಮೈಸೂರು ರಾಜ್ಯ ಎಂದೇ 1973ರವರೆಗೆ ಉಳಿಯಿತು. ಹಳೆಯ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಕೊಡಗು, ದಕ್ಷಿಣ ಕನ್ನಡ ಹೀಗೆ ಬೇರೆ ಬೇರೆ ಆಡಳಿತಗಳಲ್ಲಿ ಬೆಳೆದವರು ಒಂದೇ ಮನೆಗೆ ಬಂದಿದ್ದರು. ಅವರೆಲ್ಲರಿಗೂ ಸಲ್ಲುವ ಪೂರ್ವಿಕರು ಬೇಕಾಗಿದ್ದರು. ‘ರಣಧೀರ ಕಂಠೀರವ’ (1960), ‘ಕಿತ್ತೂರು ಚೆನ್ನಮ್ಮ’ (1961), ‘ಇಮ್ಮಡಿ ಪುಲಿಕೇಶಿ’ (1967), ದಶಕದ ಅಂಚಿಗೆ ‘ಶ್ರೀಕೃಷ್ಣದೇವರಾಯ’. ಈ ಸಾಲನ್ನು ನೋಡಿದರೆ ಸಾಕು, ಆ ಹತ್ತು ವರ್ಷಗಳ ಹಸಿವು ಯಾವುದೆಂದು ತಿಳಿಯುತ್ತದೆ. ಆದರೆ ಕಂಠೀರವ ಮೈಸೂರಿನವನು, ಚೆನ್ನಮ್ಮ ಕಿತ್ತೂರಿನವಳು. ಜಕಣಾಚಾರಿಗೆ ಆ ಗಡಿಯಿಲ್ಲ. ಧಾರವಾಡ, ಗದಗ ಕಡೆಯ ಚಾಲುಕ್ಯರ ಗುಡಿಗಳನ್ನೂ ಜನ ‘ಜಕಣಾಚಾರಿ ಕಟ್ಟಿದ್ದು’ ಎಂದೇ ಹೇಳುತ್ತ ಬಂದಿದ್ದರು. 1926ರಲ್ಲಿ ಚಾಲುಕ್ಯ ವಾಸ್ತುವಿನ ಮೇಲೆ ದೊಡ್ಡ ಗ್ರಂಥ ಬರೆದ ಹೆನ್ರಿ ಕಸಿನ್ಸ್ ಇದನ್ನು ಗಮನಿಸಿದ್ದಾನೆ. ತುಂಗಭದ್ರೆಯ ಆಚೆಗೂ ಈಚೆಗೂ ಸಲ್ಲುವ ವ್ಯಕ್ತಿ ಅವನು. ಮೇಲಾಗಿ ರಾಜನಲ್ಲ, ಕಸುಬಿನವನು. ಗಣರಾಜ್ಯದ ಕಾಲಕ್ಕೆ ಇಂಥ ನಾಯಕ ಇನ್ನೂ ಚೆನ್ನಾಗಿ ಹೊಂದುತ್ತಾನೆ.

ಆ ಕಾಲದ ವಿನ್ಯಾಸವೂ ಇದೇ ದಾರಿ ಹಿಡಿದಿತ್ತು. ಕೆಂಗಲ್ ಹನುಮಂತಯ್ಯನವರ ವಿಧಾನಸೌಧ 1956ರಲ್ಲಿ ಮುಗಿದಾಗ ಸರ್ಕಾರಿ ಕಚೇರಿಯೊಂದು ಗುಡಿಯ ಕಂಬ, ಬೋದಿಗೆ, ಗೋಪುರ, ಕಳಸಗಳನ್ನು ತೊಟ್ಟು ನಿಂತಿತು. ಸಾವಿರಾರು ಕಲ್ಲುಕುಟಿಗರಿಗೆ ಅದು ಕೆಲಸ ಕೊಟ್ಟಿತು. ಕರಕುಶಲ ಅಭಿವೃದ್ಧಿ ನಿಗಮ, ಎಂದರೆ ‘ಕಾವೇರಿ’ ಮಳಿಗೆಗಳ ನಿಗಮ, ಸ್ಥಾಪನೆಯಾದದ್ದು 1964ರಲ್ಲಿ. ಜಕಣಾಚಾರಿ ತೆರೆಗೆ ಬಂದ ವರ್ಷವೇ. ಗಂಧದ ಮರದ, ಬೀಟೆ ಮರದ ಮದನಿಕೆಯರು ಅತಿಥಿಗಳ ಕೈಗೆ ಕೊಡುವ ಕಾಣಿಕೆಗಳಾದರು. ಕ್ಯಾಲೆಂಡರಿನಲ್ಲಿ, ಮದುವೆಯ ಕರೆಯೋಲೆಯಲ್ಲಿ, ಭರತನಾಟ್ಯದ ರಂಗಸಜ್ಜಿಕೆಯಲ್ಲಿ ದರ್ಪಣಸುಂದರಿ ಬಂದು ನಿಂತಳು. ಸಾಹಿತ್ಯ ಇದಕ್ಕೆ ಮೊದಲೇ ನೆಲ ಹದ ಮಾಡಿತ್ತು: ಡಿ.ವಿ.ಜಿ. ಅವರು ಬೇಲೂರಿನ ಮದನಿಕೆಯರನ್ನು ಕುರಿತು ಬರೆದ ‘ಅಂತಃಪುರ ಗೀತೆ’, ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿ ಆಗಲೇ ಓದುಗರ ಕೈಯಲ್ಲಿದ್ದವು. ಹೀಗೆ ಪದ್ಯ, ಕಾದಂಬರಿ, ಕಟ್ಟಡ, ಗಂಧದ ಗೊಂಬೆ, ಕೊನೆಗೆ ಬಣ್ಣದ ಸಿನಿಮಾ ಎಲ್ಲ ಸೇರಿ ಬೇಲೂರನ್ನು ಕನ್ನಡಿಗರ ಮನೆಯ ಗೋಡೆಗೆ ತಂದು ತೂಗುಹಾಕಿದವು.

ಇಲ್ಲಿಯವರೆಗಿನದು ಸಂತೋಷದ ಕತೆ. ತೊಡಕು ಇರುವುದು ಮುಂದೆ.

ಬೇಲೂರಿನ ವಿಜಯನಾರಾಯಣ, ಎಂದರೆ ಇಂದಿನ ಚೆನ್ನಕೇಶವ, ಪ್ರತಿಷ್ಠೆಯಾದದ್ದು 1117ರಲ್ಲಿ. ಅಲ್ಲಿಂದ 16 ಕಿ.ಮೀ. ದೂರದ ಹಳೇಬೀಡಿನಲ್ಲಿ ಹೊಯ್ಸಳೇಶ್ವರ ಶುರುವಾದದ್ದು 1121ರ ಸುಮಾರಿಗೆ. ಕೈದಾಳದ ಶಾಸನ 1150ರ ಸುಮಾರಿನದು. ಅದು ಹೇಳುವುದು ಬಾಚಿ ಎಂಬ ಸಾಮಂತನ ವಿಷಯ. ನಮ್ಮ ಅರಸೀಕೆರೆಯ ಈಶ್ವರ ದೇವಾಲಯ 1220ರದು. ಸೋಮನಾಥಪುರದ ಕೇಶವ 1268ರಲ್ಲಿ. ಇವೆಲ್ಲವನ್ನೂ ಜನರ ಬಾಯಿ ಜಕಣಾಚಾರಿಯ ಲೆಕ್ಕಕ್ಕೆ ಬರೆದಿದೆ. ಒಬ್ಬನೇ ಮನುಷ್ಯ 150 ವರ್ಷ ಉಳಿ ಹಿಡಿದಿರಬೇಕು! ಚಾಲುಕ್ಯರ ಗುಡಿಗಳನ್ನೂ ಸೇರಿಸಿದರೆ ಆಯುಸ್ಸು ಇನ್ನೂ ಹಿಗ್ಗಬೇಕು. ಬೇಲೂರು, ಹಳೇಬೀಡುಗಳ ಶಾಸನಗಳಲ್ಲಿ ಅವನ ಹೆಸರಿಲ್ಲ. ‘ದಕ್ಷಿಣಾಚಾರಿ’, ಅಂದರೆ ತೆಂಕಣ ಶಿಲ್ಪಿ ಎಂಬ ಸಾಮಾನ್ಯ ನಾಮವೇ ಬಾಯಿಂದ ಬಾಯಿಗೆ ಸವೆದು ಜಕಣಾಚಾರಿ ಆಗಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದುಂಟು. ಕಪ್ಪೆ ಚೆನ್ನಿಗರಾಯನ ವಿಷಯದಲ್ಲಂತೂ ಪೀಠದ ಬರಹವೇ ಮಾತನಾಡುತ್ತದೆ: ಅದನ್ನು ಮಾಡಿಸಿದವಳು ವಿಷ್ಣುವರ್ಧನನ ರಾಣಿ ಶಾಂತಲೆ. ಕಪ್ಪೆಯ ಪ್ರಸ್ತಾಪ ಅಲ್ಲಿಲ್ಲ.

ಹಾಗಾದರೆ ಕೆತ್ತಿದವರು ಯಾರು? ಮಧ್ಯಯುಗದ ಭಾರತದ ಬಹುತೇಕ ಗುಡಿಗಳ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಹೊಯ್ಸಳರಲ್ಲಿ ಮಾತ್ರ ಧಾರಾಳವಾಗಿ ಸಿಗುತ್ತದೆ. ಅದೇ ಅವರ ವಿಶೇಷ. ಶಿಲ್ಪಿಗಳು ವಿಗ್ರಹದ ಪಾದದಡಿ ತಮ್ಮ ಹೆಸರು ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ. ಅವನ ಮಗ ಚಾವಣ. ಗದಗಿನ ನಾಗೋಜ. ಮಲ್ಲಿಯಣ್ಣ, ಚಿಕ್ಕಹಂಪ, ಪದರಿ ಮಲ್ಲೋಜ. ಬರಿಯ ಹೆಸರಷ್ಟೇ ಅಲ್ಲ, ಊರು, ತಂದೆಯ ಹೆಸರು, ಬಿರುದು. ಆ ಬಿರುದುಗಳಾದರೂ ಎಂಥವು! ಎದುರಾಳಿ ಶಿಲ್ಪಿಗಳೆಂಬ ಮನ್ಮಥನಿಗೆ ತಾನು ಶಿವ ಎನ್ನುವವನು ಒಬ್ಬ. ಶಿಲ್ಪಿಗಳಲ್ಲಿ ಹುಲಿ ಎನ್ನಿಸಿಕೊಳ್ಳುವವನು ಇನ್ನೊಬ್ಬ. ವಿನಯದಿಂದ ಹೆಸರು ಮರೆಸಿಕೊಂಡ ಅನಾಮಿಕ ಕಲಾವಿದ ಎಂಬ ನಮ್ಮ ಭಾಷಣಗಳ ಮಾತು ಬೇಲೂರಿನಲ್ಲಿ ನಡೆಯುವುದಿಲ್ಲ. ಅವರಿಗೆ ತಮ್ಮ ಕೆಲಸದ ಬೆಲೆ ಚೆನ್ನಾಗಿ ಗೊತ್ತಿತ್ತು. ಹಳೇಬೀಡಿನ ತೆಂಕಣ ಬಾಗಿಲ ಮೇಲೆ ನರಸಿಂಹನ ಕಾಲದ ಮುಖ್ಯ ಶಿಲ್ಪಿ ಕೇದಾರೋಜನ ಹೆಸರಿದೆ.

ಈ ಹೆಸರುಗಳು ಇತ್ತೀಚೆಗೆ ಬೆಳಕಿಗೆ ಬಂದವಲ್ಲ. ರೈಸ್ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ಹೊರತಂದದ್ದು 1902ರಲ್ಲಿ. ಮೈಸೂರು ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರು ಬೇಲೂರು ದೇವಾಲಯದ ಮೇಲೆ ಪ್ರತ್ಯೇಕ ಪುಸ್ತಕ ಪ್ರಕಟಿಸಿದ್ದು 1919ರಲ್ಲಿ. ಅಂದರೆ ಬಣ್ಣದ ಚಿತ್ರ ಬರುವುದಕ್ಕೆ 45 ವರ್ಷ ಮೊದಲೇ ದಾಸೋಜ, ಚಾವಣರು ಅಚ್ಚಾಗಿದ್ದರು. ಆದರೂ ತೆರೆಗೆ ಬಂದವನು ಜಕಣಾಚಾರಿ. ಇದಕ್ಕೆ ರಂಗಾ ಅವರನ್ನು ದೂರುವುದು ನ್ಯಾಯವಲ್ಲ. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಗ್ರಂಥಾಲಯದ ಬೀರುಗಳಲ್ಲಿದ್ದವು. ದಾಸೋಜನಿಗೆ ಹೆಸರಿತ್ತು, ಊರಿತ್ತು, ಕತೆ ಇರಲಿಲ್ಲ. ಜಕಣಾಚಾರಿಗೆ ಶಾಸನವಿರಲಿಲ್ಲ, ಕತೆ ಬೇಕಾದಷ್ಟಿತ್ತು. ಸಿನಿಮಾ ಯಾವುದನ್ನು ಆರಿಸೀತು?

ಆದರೆ ಒಂದು ಮಾತನ್ನು ಇಲ್ಲಿ ಸಾವಕಾಶವಾಗಿ ಯೋಚಿಸಬೇಕು. ಐತಿಹ್ಯದಲ್ಲಿ ತಂದೆ ಮಗ ಇದ್ದಾರೆ. ಶಾಸನದಲ್ಲಿಯೂ ತಂದೆ ಮಗ ಇದ್ದಾರೆ. ಐತಿಹ್ಯದ ತಂದೆ ಮಗ ಒಬ್ಬರನ್ನೊಬ್ಬರು ಅರಿಯರು, ಎದುರು ನಿಂತು ಪಣ ಕಟ್ಟುತ್ತಾರೆ, ಕೈ ಕಡಿಯುತ್ತದೆ. ಶಾಸನದ ದಾಸೋಜ, ಚಾವಣರು ಬಳ್ಳಿಗಾವೆಯಿಂದ, ಈಗಿನ ಶಿಕಾರಿಪುರ ತಾಲ್ಲೂಕಿನಿಂದ, ಬೇಲೂರಿಗೆ ಬಂದು ಒಂದೇ ಗುಡಿಯ ಸೂರಿನಡಿ ಕೆಲಸ ಮಾಡುತ್ತಾರೆ. ಅಪ್ಪ ಕೆತ್ತಿದ ಮದನಿಕೆಗಳೂ ಇವೆ, ಮಗ ಕೆತ್ತಿದವೂ ಇವೆ. ಕೆಳಗೆ ನಿಂತು ನೋಡಿದರೆ ಯಾವುದು ಯಾರದು ಎಂದು ಬೇರ್ಪಡಿಸುವುದು ಸುಲಭವಲ್ಲ. ಮಗ ತನ್ನ ಹೆಸರಿನ ಜೊತೆ ದಾಸೋಜನ ಮಗ ಎಂದು ಬರೆಸಿಕೊಂಡಿದ್ದಾನೆ. ಈ ಇಬ್ಬರ ನೆನಪೇ ಶತಮಾನಗಳಲ್ಲಿ ಡಂಕಣ ಜಕಣರ ಕತೆಯಾಯಿತೆಂದು ಹೇಳಲು ಆಧಾರವಿಲ್ಲ. ಆದರೆ ಕಸುಬು ತಂದೆಯಿಂದ ಮಗನಿಗೆ ಇಳಿಯುವ ಮನೆಗಳಲ್ಲಿ, ಮಗನ ಕಣ್ಣು ತಂದೆಯ ಕೈಯನ್ನು ಮೀರಿಸುವ ದಿನವೊಂದು ಬಂದೇ ಬರುತ್ತದೆ. ಐತಿಹ್ಯ ಹಿಡಿದಿರುವುದು ಆ ದಿನವನ್ನು. ಅಷ್ಟರಮಟ್ಟಿಗೆ ಅದು ಸುಳ್ಳಲ್ಲ.

ಸಿನಿಮಾಕ್ಕೂ ಗುಡಿಗೂ ಇರುವ ಇನ್ನೊಂದು ವ್ಯತ್ಯಾಸ ಬೆಳಕಿನದು. 60ರ ದಶಕದ ಈಸ್ಟ್‌ಮನ್ ಕಲರ್ ನೆಗೆಟಿವ್ ಬಹಳ ನಿಧಾನದ್ದು. ಅದರ ಗ್ರಹಣಶಕ್ತಿ 50 ಎ.ಎಸ್.ಎ. ಮಾತ್ರ. ಒಳಾಂಗಣದಲ್ಲಿ ಚಿತ್ರೀಕರಿಸಬೇಕಾದರೆ ಕಣ್ಣು ಕುಕ್ಕುವ ದೀಪಗಳ ಸಾಲನ್ನೇ ಹೊತ್ತಿಸಬೇಕು. ಆದ್ದರಿಂದಲೇ ಆ ಕಾಲದ ವರ್ಣಚಿತ್ರಗಳಲ್ಲಿ ನೆರಳೇ ಇಲ್ಲ. ಮೂಲೆಮೂಲೆಯೂ ಮದುವೆ ಮನೆಯಂತೆ ಬೆಳಗುತ್ತಿರುತ್ತದೆ. ಬೇಲೂರಿನ ನವರಂಗ ಇದಕ್ಕೆ ತದ್ವಿರುದ್ಧ. ಮೊದಲು ತೆರೆದಿದ್ದ ಮಂಟಪಕ್ಕೆ ಆಮೇಲೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಜಾಲಂಧ್ರಗಳನ್ನು ಕೂಡಿಸಿದರು. ಒಳಗೆ ಕಾಲಿಟ್ಟ ಕೂಡಲೇ ಏನೂ ಕಾಣದು. ಸ್ವಲ್ಪ ನಿಂತರೆ ಕಂಬ ಮೂಡುತ್ತದೆ, ಆಮೇಲೆ ಭುವನೇಶ್ವರಿ, ಆಮೇಲೆ ಅದರ ಸುತ್ತಲಿನ ಮದನಿಕೆ. ಕಲ್ಲೂ ಹಾಗೆಯೇ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು. ಗಾಳಿಗೆ ಬಿದ್ದ ಮೇಲೆ ಗಡುಸಾಗುತ್ತದೆ. ಬೆರಳಿಗೆ ಉಂಗುರ, ಹಣ್ಣಿನ ಮೇಲೊಂದು ನೊಣ, ಇಷ್ಟು ಸಣ್ಣದನ್ನೂ ಕೆತ್ತಲು ಸಾಧ್ಯವಾದದ್ದು ಆ ಮೆದುತನದಿಂದ. ಅದರ ಬಣ್ಣ ಬೂದೋ, ಹಸಿರೋ, ಕಪ್ಪೋ ಎಂಬುದು ಮಳೆ, ಬಿಸಿಲು, ಎಣ್ಣೆಯನ್ನು ಅವಲಂಬಿಸಿದೆ. ಯಾವ ವರ್ಣಚಿತ್ರಕ್ಕೂ ಸುಲಭಕ್ಕೆ ಸಿಗುವಂಥದ್ದಲ್ಲ.

ಚಿತ್ರದ ಪ್ರಭಾವ ದೊಡ್ಡದು. ಶಿಲ್ಪಿಗಳಿಗೆ ರಾಜ್ಯ ಸರ್ಕಾರ ಕೊಡುವ ಪ್ರಶಸ್ತಿಗೆ ಜಕಣಾಚಾರಿಯ ಹೆಸರಿದೆ. ಜನವರಿ 1ರಂದು ಅಮರಶಿಲ್ಪಿ ಜಕಣಾಚಾರಿ ಸಂಸ್ಮರಣಾ ದಿನ ನಡೆಯುತ್ತದೆ. ಕಲ್ಲು, ಮರ, ಲೋಹದ ಕಸುಬಿನ ಸಮುದಾಯಕ್ಕೆ ಇದು ಹೆಮ್ಮೆಯ ವಿಷಯ, ಆ ಹೆಮ್ಮೆಗೆ ಅವರು ಅರ್ಹರು. ಕೈಕಸುಬಿನವನನ್ನು ನಾಯಕನಾಗಿ ನಿಲ್ಲಿಸಿದ್ದು ಆ ಚಿತ್ರದ ದೊಡ್ಡಸ್ತಿಕೆಯೇ. ನಷ್ಟವಾದದ್ದು ಬೇರೆ ಕಡೆ. ಒಂದು ಹೆಸರು ಬಾಯಿಪಾಠವಾದಾಗ ಹತ್ತಾರು ಹೆಸರುಗಳ ಮೇಲೆ ಕಣ್ಣು ಜಾರಿತು. ‘ಇದೆಲ್ಲ ಜಕಣಾಚಾರಿ ಕೆತ್ತಿದ್ದು’ ಎಂಬ ಒಂದು ವಾಕ್ಯ ಕೇಳಿಸಿಕೊಂಡ ಪ್ರವಾಸಿ, ಮದನಿಕೆಯ ಕಾಲ ಕೆಳಗಿನ ಅಕ್ಷರವನ್ನು ನೋಡದೆ ಫೋಟೋ ತೆಗೆದುಕೊಂಡು ಹೋಗುತ್ತಾನೆ. ಕನ್ನಡ ಅಕ್ಷರಗಳೇ ಅವು.

1990ರ ದಶಕ ಇದನ್ನು ಸ್ವಲ್ಪ ಸರಿಪಡಿಸಿತು. ಕೆಲ್ಲೆಸನ್ ಕಾಲಿಯರ್ ಅವರ ಹೊಯ್ಸಳ ಕಲಾವಿದರ ಅಧ್ಯಯನ 1990ರಲ್ಲಿ, ಎಸ್. ಶೆಟ್ಟರ್ ಅವರ ಹೊಯ್ಸಳ ದೇವಾಲಯಗಳ ಸಂಪುಟಗಳು 1992ರಲ್ಲಿ, ಡಚ್ ವಿದ್ವಾಂಸ ಗೆರಾರ್ಡ್ ಫೂಕೆಮಾ ಅವರ ಕೈಪಿಡಿ 1996ರಲ್ಲಿ ಬಂದವು. ಗುಡಿ ಎಂದರೆ ಒಬ್ಬ ಮಹಾಪುರುಷನ ಕನಸಲ್ಲ; ಬೇರೆ ಬೇರೆ ಊರುಗಳಿಂದ ಬಂದ ತಂಡಗಳು ಕೆಲಸ ಹಂಚಿಕೊಂಡು, ಸ್ಪರ್ಧಿಸಿ, ಸಹಿ ಹಾಕಿ ಮುಗಿಸಿದ ದೊಡ್ಡ ಕಾರ್ಯಾಗಾರ ಎಂಬುದು ಈ ಕೆಲಸಗಳಿಂದ ಸ್ಪಷ್ಟವಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಅರಸೀಕೆರೆ ಆ ಪಟ್ಟಿಯಲ್ಲಿಲ್ಲ. ಸಿನಿಮಾದ ಜಕಣಾಚಾರಿಯೂ ಈ ಊರಿಗೆ ಹೆಸರು ತಂದುಕೊಡಲಿಲ್ಲ. ಆದರೆ ಇಲ್ಲಿನ ಈಶ್ವರ ದೇವಾಲಯದ ಮುಖಮಂಟಪ ಹದಿನಾರು ಮೂಲೆಯ ನಕ್ಷತ್ರ. ಮೇಲೆ ಗುಮ್ಮಟದಂಥ ಚಾವಣಿ, ಸುತ್ತ ಕಕ್ಷಾಸನ, ಕಡೆದು ಕೂಡಿಸಿದಂಥ ನುಣುಪಾದ ಕಂಬಗಳು. ಹೊಯ್ಸಳರು ಗರ್ಭಗುಡಿಯನ್ನು ನಕ್ಷತ್ರವಾಗಿಸಿದ್ದು ಹಲವು ಕಡೆ. ತೆರೆದ ಮಂಟಪವನ್ನೇ ಹೀಗೆ ಮಾಡಿದ್ದು ಬಲು ಅಪರೂಪ. ವಿನ್ಯಾಸದ ಧೈರ್ಯದಲ್ಲಿ ಇದು ಬೇಲೂರಿಗೆ ಸೋಲುವುದಿಲ್ಲ. ರೈಲಿನಿಂದ ಇಳಿದವರು ಬಸ್ಸು ಹಿಡಿಯುವ ಅವಸರದಲ್ಲಿ ಇದನ್ನು ದಾಟಿ ಹೋಗುತ್ತಾರೆ, ಅಷ್ಟೆ.

ಇದೇ ತಾಲ್ಲೂಕಿನ ಜಾವಗಲ್ ಎಂದರೆ ಈಗ ಎಲ್ಲರಿಗೂ ವೇಗದ ಬೌಲರ್ ಶ್ರೀನಾಥ್ ನೆನಪು. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಯ ಮೇಲೆ ಮಲ್ಲಿತಮ್ಮನ ಸಹಿ ಇದೆ, ಚಿಕ್ಕತಮ್ಮನದೂ ಇದೆ. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಿಂದ 1268ರ ಸೋಮನಾಥಪುರದವರೆಗೆ ಕಾಣಿಸುತ್ತದೆ. ಒಬ್ಬನೇ ದೀರ್ಘಾಯುಷಿಯೋ, ಒಂದೇ ಹೆಸರಿನ ಇಬ್ಬರೋ ಎಂಬ ಚರ್ಚೆಗೆ ಎಡೆಯಿದೆ. ಕೆಲವು ಕಡೆ ಪೂರ್ತಿ ಹೆಸರು, ಕೆಲವು ಕಡೆ ‘ಮಲ್ಲಿ’, ಕೆಲವು ಕಡೆ ಬರಿಯ ‘ಮ’. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ, 1246ರ ಗುಡಿಯಲ್ಲಿ, ಅವನು ಬಡಗಣ ಗೋಡೆಯನ್ನು ವಹಿಸಿಕೊಂಡ. ತೆಂಕಣ ಗೋಡೆ ನಂದಿಯ ಬೈಚೋಜನ ಪಾಲಿಗೆ ಬಂತು. ಬೆಳಿಗ್ಗೆ ಹೋದರೆ ಎರಡು ಗೋಡೆಗಳನ್ನೂ ಸುತ್ತಿ, ಇಬ್ಬರ ಕೈಯನ್ನೂ ಹೋಲಿಸಿ ನೋಡಿ ಮಧ್ಯಾಹ್ನದ ಬಸ್ಸಿಗೆ ಮರಳಬಹುದು.